ರೇಡಿಯೋದೊಳಗಿನ ಮೈದುನ

ಕಾಜಕ್ಕ ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯ ಕಾಟವಿರಲಿಲ್ಲ, ನಾದಿನಿಯರ ಕೊಂಕಿರಲಿಲ್ಲ. ಇದ್ದವನು ಒಬ್ಬ ಮೈದುನ ಮಾತ್ರ. ಅವನೂ ಮನೆಯಲ್ಲಿರುತ್ತಿರಲಿಲ್ಲ, ರೇಡಿಯೋದೊಳಗೆ ಇರುತ್ತಿದ್ದ. ಗುರುವಾರಕ್ಕೊಮ್ಮೆ, ಮಧ್ಯಾಹ್ನ ನಾಲ್ಕರ ವಾರ್ತೆಗೆ ತುಸು ಮುಂಚೆ ಬಂದು, ಗಂಟಲು ಹರಿಯುವಂತೆ ಒಂದು ಹಾಡು ಹಾಡಿ, ಊರನ್ನೆಲ್ಲ ಕುಣಿಸಿ ಹೋಗಿಬಿಡುತ್ತಿದ್ದ. ಅವನ ಮೇಲೆ ಅವಳ ಗಂಡ ಪಟ್ಟ ಹೊಟ್ಟೆಕಿಚ್ಚಿನಲ್ಲಿ ಐವತ್ತು ವರ್ಷ ಒಲೆ ಉರಿಸಬಹುದಿತ್ತು.

ಇದನ್ನು ಮೊದಲಿನಿಂದ ಹೇಳುವುದೇ ಒಳ್ಳೆಯದು. ಇಲ್ಲವಾದರೆ ಕಾಜಕ್ಕನ ಬಗ್ಗೆ ನೀವು ಏನೇನೋ ಅಂದುಕೊಳ್ಳುತ್ತೀರಿ.

ಕಾಜಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹದಿನೆಂಟು ತುಂಬುವ ಮೊದಲೇ ಅವಳು ಅಂಗಿ ಹೊಲಿಯುವ ಕಾರ್ಖಾನೆಗೆ ಸೇರಿದಳು. ಉದ್ದನೆಯ ಕೋಣೆ, ಎರಡು ಸಾಲು ತುಳಿಯುವ ಮಿಷನ್ನುಗಳು, ನಡುವೆ ಬಟ್ಟೆಯ ಗಂಟು ದೂಡಿಕೊಂಡು ಹೋಗುವಷ್ಟು ದಾರಿ. ಅಲ್ಲಿ ಯಾರೂ ಇಡೀ ಅಂಗಿ ಹೊಲಿಯುತ್ತಿರಲಿಲ್ಲ. ಒಬ್ಬಳು ಕಾಲರು, ಒಬ್ಬಳು ತೋಳು, ಒಬ್ಬಳು ಜೇಬು. ಹೊಲಿದದ್ದೇ ಹೆಸರಾಗುತ್ತಿತ್ತು: ಕಾಲರಮ್ಮ, ತೋಳಮ್ಮ, ಜೇಬಮ್ಮ. ಸಾಲಿನ ಕಟ್ಟಕಡೆಯಲ್ಲಿ, ಕಿಟಕಿಯ ಬೆಳಕಿಗೆ ಕೂತು, ಗುಂಡಿ ತೂರುವ ಸೀಳಿಗೆ ದಾರದ ಅಂಚು ಕಟ್ಟಿ ಗುಂಡಿ ಹಚ್ಚುತ್ತಿದ್ದವಳು ಇವಳು. ಕಾಜಾ ಹಾಕುವವಳು ಕಾಜಕ್ಕ ಆದಳು. ಮಾತಿನಲ್ಲಿ ಚೂಟಿ, ನಗುವುದರಲ್ಲಿ ಅದಕ್ಕಿಂತ ಚೂಟಿ. ನಗು ಬಂದರೆ ಸೂಜಿ ಎಲ್ಲಿ ಚುಚ್ಚುತ್ತಿದೆ ಎಂಬ ಎಚ್ಚರವೂ ಅವಳಿಗೆ ಇರುತ್ತಿರಲಿಲ್ಲ.

ಅದು ಹುಡುಗರ ಕ್ರಾಪು ಎತ್ತರವಾಗಿ ಪ್ಯಾಂಟು ಬಿಗಿಯಾದ ಕಾಲ. ಊರಿಗೊಂದು ಸ್ವಂತ ರೇಡಿಯೋ ಇತ್ತು, ಅಂಚೆ ಕಚೇರಿಯ ಮಾಳಿಗೆಯ ಮೇಲಿನ ಎರಡು ಕೋಣೆ. ಗುರುವಾರ ಮಧ್ಯಾಹ್ನ ಊರಿನವರು ಕೇಳಿ ಬರೆದ ಹಾಡುಗಳನ್ನು ಹಾಕುತ್ತಿದ್ದರು. ಕಾರ್ಖಾನೆಯ ಮೇಸ್ತ್ರಿ ಮೊದಮೊದಲು, "ಇದೇನು ಕಾರ್ಖಾನೆನಾ, ಕುಣಿಯೋ ಅಂಗಳನಾ?" ಎಂದು ರೇಗುತ್ತಿದ್ದ. ಆದರೆ ಆ ಒಂದು ಗಂಟೆಯಲ್ಲಿ ಮಿಷನ್ನುಗಳೆಲ್ಲ ಹಾಡಿನ ತಾಳಕ್ಕೆ ಓಡಿ, ಅಂಗಿಗಳು ದಬದಬನೆ ಬುಟ್ಟಿಗೆ ಬೀಳುವುದನ್ನು ಕಂಡ ಮೇಲೆ, ರೇಡಿಯೋ ಕೆಟ್ಟಾಗ ತಾನೇ ಹೆಗಲ ಮೇಲೆ ಹೊತ್ತು ರಿಪೇರಿಗೆ ಓಡಿದ.

ಆ ರೇಡಿಯೋದಲ್ಲಿ ಒಂದು ಗುರುವಾರ ಹೊಸ ಹಾಡು ಬಂತು. ಊರಿನ ನಾಲ್ಕು ಹುಡುಗರು ಕೂಡಿ ಕಟ್ಟಿದ ಹಾಡು. ಹೆಸರು "ಓಡಬೇಡ". ಗಿಟಾರು ಹುಚ್ಚೆದ್ದ ಹಾಗೆ ಮೊಳಗುತ್ತಿತ್ತು, ಡ್ರಮ್ಮು ಅದನ್ನು ಅಟ್ಟಿಸಿಕೊಂಡು ಬರುತ್ತಿತ್ತು, ಇವೆರಡಕ್ಕೂ ಸಿಗದ ಹಾಗೆ ಒಂದು ಸಣ್ಣ ಚೂಪು ಗಂಟಲು ಮುಂದೆ ಮುಂದೆ ಓಡುತ್ತಿತ್ತು. ಮಾತುಗಳು ಒಂದೂ ತಿಳಿಯಲಿಲ್ಲ. ಯಾರಿಗೆ ಬೇಕಾಗಿತ್ತು ಮಾತು? ಕಾಲರಮ್ಮ ಮಿಷನ್ನು ಬಿಟ್ಟು ಎದ್ದು ನಿಂತಳು. ಜೇಬಮ್ಮ ಒಂದು ಜೇಬಿನ ನಾಲ್ಕೂ ಕಡೆ ಹೊಲಿದು ಮುಗಿಸಿದಳು. ಕಾಜಕ್ಕನಂತೂ ಅಂಗಿಯ ಬೆನ್ನಿಗೆ ಗುಂಡಿ ಹಚ್ಚಿಬಿಟ್ಟಳು. ಆ ಗಂಟಲಿನವನನ್ನು ಒಮ್ಮೆ ಕಣ್ಣಾರೆ ನೋಡದಿದ್ದರೆ ತನ್ನ ಜನ್ಮ ದಂಡ ಎಂದು ಅವತ್ತೇ ತೀರ್ಮಾನಿಸಿದಳು. ಕಡ್ಡಿಯಂಥ ಮೈ, ಚಿಗರೆಯಂಥ ನಡಿಗೆ, ಒಂದು ಕಡೆ ನಿಲ್ಲಲಾರದ ಹುಡುಗ ಎಂದು ಮನಸ್ಸಿನಲ್ಲೇ ಅಂಗಿಯ ಅಳತೆಯನ್ನೂ ತೆಗೆದುಕೊಂಡಳು.

ಆ ಹುಡುಗರ ತಂಡ ಊರಿನ ಸಭೆ ಸಮಾರಂಭ ನಡೆಯುವ ದೊಡ್ಡ ಹಾಲಿನಲ್ಲಿ ಹಾಡುತ್ತದೆ ಎಂದು ತಿಳಿದಾಗ ಕಾರ್ಖಾನೆಗೆ ಕಾರ್ಖಾನೆಯೇ ಹೊರಟಿತು. ವೇದಿಕೆಯ ಮೇಲೆ ಮೈಕಿನ ಮುಂದೆ ಬಂದು ನಿಂತವನು ಬಾಗಿಲಿನಷ್ಟು ಅಗಲದ ಒಬ್ಬ ಬಡಗಿ. ಬಂದದ್ದೂ ನಿಧಾನ, ನಿಂತದ್ದೂ ನಿಧಾನ, ಗಂಟಲು ಸರಿಮಾಡಿಕೊಂಡದ್ದು ಇನ್ನೂ ನಿಧಾನ. ಬಾಯಿ ತೆರೆದರೆ ಖಾಲಿ ಹಂಡೆಯೊಳಗಿಂದ ಬಂದಂಥ ಧ್ವನಿ! ಮೊದಲ ಸಾಲು ಮುಗಿಯುವ ಮುಂಚೆ ಜನ, "ಬೇಗ! ಬೇಗ!" ಎಂದು ಬೊಬ್ಬೆ ಹೊಡೆಯತೊಡಗಿದರು. ಬಡಗಿ ಕೆಂಪಾದ, ಬೆವರಿದ, ಕಡೆಗೆ ಕಣ್ಣು ಮುಚ್ಚಿಕೊಂಡು ರೇಡಿಯೋದಲ್ಲಿ ಬರುವಷ್ಟು ಮೇಲಕ್ಕೆ ಗಂಟಲು ಏರಿಸಿದ. ಆ ಉಸಿರಿಗೆ ಅಂಗಿಯ ಎದೆಯ ಗುಂಡಿ ಟಪ್ಪೆಂದು ಹಾರಿ ಮುಂದಿನ ಸಾಲಿನಲ್ಲಿದ್ದ ಕಾಜಕ್ಕನ ಮಡಿಲಿಗೆ ಬಿತ್ತು.

ಸೂಜಿದಾರ ಅವಳ ಕಾಲರಿನಲ್ಲಿ ಯಾವಾಗಲೂ ಚುಚ್ಚಿಕೊಂಡೇ ಇರುತ್ತಿತ್ತು. ವೇದಿಕೆಯ ಹಿಂದೆ ಹೋಗಿ, ನಿಂತಲ್ಲೇ ಅವನ ಎದೆಗೆ ಗುಂಡಿ ಹಚ್ಚುತ್ತ ಕೇಳಿದಳು: "ನಿಜವಾಗ್ಲೂ ರೇಡಿಯೋದಲ್ಲಿ ಹಾಡೋರು ನೀವೇನಾ? ನಿಮಗೆ ತಮ್ಮ ಗಿಮ್ಮ ಯಾರೂ ಇಲ್ವಾ?"

ಅವನು ಬಹಳ ಹೊತ್ತು ಯೋಚಿಸಿ, "ಇಲ್ಲ" ಎಂದ.

"ಅಯ್ಯೋ ಪಾಪ!" ಎಂದವಳೇ ನಗತೊಡಗಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವನು ವಿಷಯ ಹೇಳಿದ್ದು ಆಗಲೇ. ಅವನು ಕಟ್ಟಿದ್ದು ನಿಧಾನದ ಹಾಡು. ಅದರ ಗ್ರಾಮಫೋನ್ ತಟ್ಟೆ ಇದ್ದದ್ದು ಒಂದೇ, ಅದೂ ರೇಡಿಯೋದವರ ಹತ್ತಿರ. ತಟ್ಟೆ ತಿರುಗಿಸುವ ಯಂತ್ರದ ಪಕ್ಕ ಒಂದು ಪುಟ್ಟ ಹಿಡಿ, ಇತ್ತ ತಳ್ಳಿದರೆ ನಿಧಾನ, ಅತ್ತ ತಳ್ಳಿದರೆ ಬಿರುಸು. ವಾರ್ತೆಗೆ ಮೂರು ನಿಮಿಷವಿರುವಾಗ ನಾಲ್ಕೂವರೆ ನಿಮಿಷದ ಹಾಡು ಕೈಗೆ ಸಿಕ್ಕಿತೆಂದು ಅಲ್ಲಿನ ಅನೌನ್ಸರ್ ಹಿಡಿಯನ್ನು ಅತ್ತ ತಳ್ಳಿಬಿಟ್ಟಿದ್ದ. ಹಾಡೂ ಓಡಿತು, ಧ್ವನಿಯೂ ಕೀರಲಾಯಿತು, ಊರೂ ಕುಣಿಯಿತು. ಬಡಗಿ ಜಗಳಕ್ಕೆ ಹೋದರೆ ಅನೌನ್ಸರ್, "ನಿನ್ನ ಹಾಡಿಗೋಸ್ಕರ ವಾರ್ತೆ ನಿಲ್ಲಿಸ್ಲಾ? ಊರೇ ಕುಣೀತಾ ಇದೆ, ನಿಂದೊಬ್ಬಂದೇ ಅಳು!" ಎಂದು ಕಳಿಸಿದನಂತೆ.

ಮರುದಿನ ಬಡಗಿ ಕಾರ್ಖಾನೆಯ ಗೇಟಿನ ಹತ್ತಿರ ಬಂದ. ಅದೇ ಅಂಗಿ, ಇನ್ನೊಂದು ಗುಂಡಿ ಇಲ್ಲ. ಅದರ ಮರುದಿನ ಮತ್ತೊಂದು ಇಲ್ಲ. ತಾನಾಗಿ ಕಳಚಿದ ಗುಂಡಿಗೂ ಉಳಿಯಿಂದ ಕಿತ್ತ ಗುಂಡಿಗೂ ಇರುವ ವ್ಯತ್ಯಾಸ ತಿಳಿಯದಷ್ಟು ಪೆದ್ದಿಯಲ್ಲ ಕಾಜಕ್ಕ. ಅಂಗಿಯಲ್ಲಿ ಹಚ್ಚುವುದಕ್ಕೆ ಇನ್ನು ಗುಂಡಿಯೇ ಉಳಿಯದಿದ್ದಾಗ ಮದುವೆಯಾಗುವುದಲ್ಲದೆ ಬೇರೆ ದಾರಿ ಕಾಣಲಿಲ್ಲ.

ಮದುವೆಯಾದ ವಾರದಲ್ಲೇ ಎಡವಟ್ಟಾಯಿತು. ಒಂದು ಸಂಜೆ ಅವನು ಕುರ್ಚಿ ಎಳೆದುಕೊಂಡು ಕೂತು, "ನಾನು ಕಟ್ಟಿದ ಹಾಡು ನಿಜವಾಗಿ ಹೇಗಿದೆ ಅಂತ ನೀನೊಬ್ಬಳಾದ್ರೂ ಕೇಳು" ಎಂದು ಶುರುಮಾಡಿದ. ಪಾಪ, ಅವಳು ದಿನವಿಡೀ ಕಾಜಾ ಹಾಕಿ ಬಂದಿದ್ದಳು. ಆ ಧ್ವನಿಯೋ ಬೆನ್ನು ತಟ್ಟಿ ಮಲಗಿಸುವ ಹಾಗಿತ್ತು. ಎರಡನೆಯ ಸಾಲಿಗೆ ಅವಳ ಗೊರಕೆ ಸೇರಿಕೊಂಡಿತು. ಬಡಗಿ ಹಾಡು ನಿಲ್ಲಿಸಿದ. ಮತ್ತೆಂದೂ ಅದನ್ನು ಹಾಡಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರ ಜಗಳ ಎಷ್ಟೋ ಸಾವಿರ ಸಲ ಉಂಡು ಮಲಗಿಯೂ ಮುಗಿಯಲಿಲ್ಲ. ಗುರುವಾರ ರೇಡಿಯೋದಲ್ಲಿ ಹಾಡು ಬಂದೊಡನೆ ಅವಳು, "ನನ್ನ ಮೈದುನ ಬಂದ!" ಎಂದು ಸೌಟು ಹಿಡಿದೇ ಕುಣಿಯುತ್ತಿದ್ದಳು. ಅವನು ಉಳಿ ಮಸೆಯುವ ಸದ್ದು ಜೋರಾಗುತ್ತಿತ್ತು. ಅಂಗಿಗೆ ಇಸ್ತ್ರಿ ಸರಿಯಿಲ್ಲ ಎಂದು ಅವನು ಗೊಣಗಿದರೆ, "ನನ್ನ ಮೈದುನ ಆಗಿದ್ರೆ ಇಷ್ಟೊತ್ತಿಗೆ ಹಾಕ್ಕೊಂಡು ಹೊರಟೇ ಹೋಗಿರ್ತಿದ್ದ" ಎನ್ನುತ್ತಿದ್ದಳು. ಅವನು, "ಹೋಗು, ಅವನಿಗೇ ಇಸ್ತ್ರಿ ಮಾಡ್ಕೊಡು" ಎನ್ನುತ್ತಿದ್ದ. ಮಗಳಂತೂ ಐದು ವರ್ಷದವಳಿದ್ದಾಗ ರೇಡಿಯೋದ ಮುಂದೆ ಒಂದು ಲೋಟ ನೀರಿಟ್ಟು, "ಚಿಕ್ಕಪ್ಪಂಗೆ ಬಾಯಾರಿರುತ್ತೆ" ಎಂದಿದ್ದಳು. ಅವತ್ತು ಬಡಗಿ ಊಟ ಬಿಟ್ಟ.

ಬರಬರುತ್ತ ಕಾಲ ಬದಲಾಯಿತು. ಗಿಟಾರಿನವನು, ಡ್ರಮ್ಮಿನವನು ಊರು ಬಿಟ್ಟರು, ರೇಡಿಯೋದಲ್ಲಿ ಬೇರೆ ಹಾಡುಗಳು ಬಂದವು, ಕಾರ್ಖಾನೆಯ ಮಿಷನ್ನುಗಳಿಗೆ ಕರೆಂಟು ಬಂತು. ಕಾಜಾ ಹಾಕುವುದಕ್ಕೂ ಮಿಷನ್ನೇ ಬಂದಾಗ ಕಾಜಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಳು, ಈಗ ಅದನ್ನು ಮಗಳು ನಡೆಸುತ್ತಾಳೆ. ಕಾಜಕ್ಕನಿಗೆ ಎಪ್ಪತ್ತು ದಾಟಿತು, ಮಂಡಿಗಳು ಬಾಗಿಲಿನ ಕೀಲಿನಂತೆ ಕಿರುಗುಟ್ಟತೊಡಗಿದವು. ಮೈದುನ ಮಾತ್ರ ಅವಳ ಬಾಯಲ್ಲಿ ಹರೆಯದವನಾಗಿಯೇ ಉಳಿದ.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಕಿವಿಗೆ ಹೆಡ್‌ಫೋನು ನೇತು ಹಾಕಿಕೊಂಡ ಹುಡುಗಿಯೊಬ್ಬಳು ಬಂದಳು. ಊರ ರೇಡಿಯೋವನ್ನು ಈಗ ನಡೆಸುವವರಲ್ಲಿ ಒಬ್ಬಳು. ಹಳೆಯ ಬೀರು ಖಾಲಿ ಮಾಡುವಾಗ "ಓಡಬೇಡ" ತಟ್ಟೆ ಸಿಕ್ಕಿದೆ, ಅದೇ ದೊಡ್ಡ ಹಾಲಿನಲ್ಲಿ ಹಳೆಯ ಹಿಟ್ ಹಾಡುಗಳ ಒಂದು ಸಂಜೆ ಮಾಡುತ್ತೇವೆ, ರೇಡಿಯೋದಲ್ಲೂ ನೇರವಾಗಿ ಬರುತ್ತದೆ, ತಾತ ಬಂದು ಹಾಡಬೇಕು ಎಂದಳು.

ಬಡಗಿ ಕನ್ನಡಕ ಒರೆಸಿಕೊಂಡ. "ಅದನ್ನ ಹಾಡಿದ್ದು ನಾನಲ್ಲಮ್ಮ, ನನ್ನ ತಮ್ಮ. ಅವನ್ನೇ ಕರೀರಿ."

ಹುಡುಗಿ ಪಾಪ ಫೋನು ತೆಗೆದು, "ಅವರ ನಂಬರ್ ಕೊಡ್ತೀರಾ ತಾತ?" ಎಂದಳು.

ಮಗಳು ನಗು ತಡೆಯಲಾರದೆ ಮಿಷನ್ನಿನ ಮೇಲೆ ತಲೆಯಿಟ್ಟಳು. ಕಾಜಕ್ಕ ನಗಲಿಲ್ಲ. ಹುಡುಗಿಯ ಮಾತು ಅರ್ಧ ಕೇಳಿಸಿಕೊಳ್ಳುವಷ್ಟರಲ್ಲೇ ಒಳಗೆ ಹೋಗಿ ಕಾಲರಮ್ಮ, ತೋಳಮ್ಮ, ಜೇಬಮ್ಮ ಎಲ್ಲರಿಗೂ ಫೋನು ಮಾಡಿ, "ನಮ್ಮನೆಯವರು ಹಾಡ್ತಾರೆ, ಬರ್ರೇ!" ಎಂದು ಡಂಗುರ ಸಾರಿ ಬಂದಾಗಿತ್ತು. ಆದರೆ ಅವಳ ಮುಖ ಸಪ್ಪಗಾದದ್ದು ಅದಕ್ಕಲ್ಲ. "ನನ್ನ ತಮ್ಮ" ಎಂದಾಗ ಅವನು ತಮಾಷೆ ಮಾಡುತ್ತಿರಲಿಲ್ಲ. ತಾನು ಇಷ್ಟಪಟ್ಟದ್ದು ಆ ಕೀರಲು ಗಂಟಲನ್ನು, ಇವನನ್ನಲ್ಲ ಎಂದು ಈ ಮುದುಕ ಇಷ್ಟು ವರ್ಷ ನಿಜವಾಗಿಯೂ ನಂಬಿಕೊಂಡೇ ಬಂದಿದ್ದನೆ? ಒಂದು ಸಲ, ಒಂದೇ ಒಂದು ಸಲ, ಆ ಹಾಡನ್ನು ಅವನ ಬಾಯಿಂದ ಪೂರ್ತಿ ಕೇಳಬೇಕು ಎಂದು ಅವಳಿಗೆ ತಡೆಯಲಾರದಷ್ಟು ಆಸೆಯಾಯಿತು.

"ರೀ," ಎಂದಳು ಹುಡುಗಿ ಹೋದ ಮೇಲೆ. "ನಿಮ್ಮ ತಮ್ಮ ಬೇಡ. ನೀವೇ ಹಾಡಿ. ನಿಮಗೆ ಹೇಗೆ ಬೇಕೋ ಹಾಗೆ."

ಅವನು ಎಂದಿನಂತೆ ಬಹಳ ಹೊತ್ತು ತೆಗೆದುಕೊಂಡ. "ನಿಧಾನಕ್ಕೇ ಹಾಡ್ತೀನಿ. ಯಾರಾದ್ರೂ ಒಬ್ಬರು 'ಬೇಗ' ಅಂತ ಕೂಗಿದ್ರೂ ಇಳಿದು ಬರ್ತೀನಿ. ಆಮೇಲೆ ಈ ಜನ್ಮದಲ್ಲಿ ಆ ಹಾಡು ನನ್ನ ಬಾಯಿಂದ ಬರಲ್ಲ, ತಿಳ್ಕೋ."

ಅತ್ತ ದರಿ, ಇತ್ತ ಪುಲಿ. ಗೆಳತಿಯರೆಲ್ಲ ಮತ್ತೊಮ್ಮೆ ಸೊಂಟ ತಿರುವಿ ಟ್ವಿಸ್ಟ್ ಕುಣಿಯುವ ಹುಮ್ಮಸ್ಸಿನಲ್ಲಿ ಆಗಲೇ ಅಭ್ಯಾಸಕ್ಕೆ ಬಂದಿಳಿದಿದ್ದರು. ರೇಡಿಯೋ ಹುಡುಗಿ ಕಾಜಕ್ಕನ ಮಗಳ ಫೋನಿಗೆ ಕಳಿಸಿದ್ದ ಹಾಡನ್ನು ಹಾಕಿ, ಹೊಲಿಗೆ ಮೇಜನ್ನು ಗೋಡೆಗೆ ಸರಿಸಿ, ಒಂದು ಎರಡು ಮೂರು ಎಂದರು. ಮೂರಕ್ಕೇ ಜೇಬಮ್ಮನ ಸೊಂಟ ಹಿಡಿಯಿತು. ತೋಳಮ್ಮ ತಿರುಗಿದವಳು ನಿಲ್ಲಲಾಗದೆ ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟಳು. ಕಾಲರಮ್ಮ "ಹೋಯ್!" ಎಂದು ಕೂಗಿದ ರಭಸಕ್ಕೆ ಅವಳ ಹಲ್ಲಿನ ಸೆಟ್ಟು ಹಾರಿ ಬೀರುವಿನ ಕೆಳಗೆ ಹೋಯಿತು. ಅದನ್ನು ಕೋಲಿನಿಂದ ಎಳೆಯುತ್ತ ಎಲ್ಲರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ನೋಡ್ರೇ, ಅಲ್ಲಿ ಯಾರೂ 'ಬೇಗ' ಅನ್ನಬಾರದು," ಎಂದು ಕಾಜಕ್ಕ ಕೈ ಮುಗಿದಳು. "ಅಂದ್ರೆ ನನ್ನ ಸಂಸಾರಕ್ಕೆ ಕಲ್ಲು ಬಿತ್ತು ಅಂತಲೇ ತಿಳ್ಕೊಳ್ಳಿ."

ಹಲ್ಲು ತೊಳೆದು ಹಾಕಿಕೊಂಡ ಕಾಲರಮ್ಮ, "ಬಾಯಿ ಮುಚ್ಚಿಕೊಂಡಿರ್ತೀನಿ ಅಂತ ನಾನು ಮಾತು ಕೊಡೋದು, ನೀನು ನಂಬೋದು, ಎರಡೂ ದಂಡ ಕಣೇ," ಎಂದಳು.

ಆ ಸಂಜೆ ದೊಡ್ಡ ಹಾಲು ಜನರಿಂದ ಕಿಕ್ಕಿರಿದಿತ್ತು. ಊರಿನ ಬೆಳ್ಳಿಕೂದಲೆಲ್ಲ ಅಲ್ಲಿಗೆ ಬಂದಿತ್ತು. ಕಾರ್ಖಾನೆಯ ಮೇಸ್ತ್ರಿಯೂ ಕೋಲೂರಿಕೊಂಡು ಬಂದು, ಬಿಗಿಯಾದ ಪ್ಯಾಂಟೊಂದನ್ನು ಎಲ್ಲಿಂದಲೋ ಹುಡುಕಿ ಹಾಕಿಕೊಂಡಿದ್ದ. ಹಾಡುಗಳು ಒಂದೊಂದಾಗಿ ಬಂದವು, ಜನ ಕೂತಲ್ಲೇ ಕಾಲು ಕುಣಿಸಿದರು. ಕಡೆಯಲ್ಲಿ, ಏಳರ ವಾರ್ತೆಗೆ ಮುಂಚೆ, ಬಡಗಿಯ ಸರದಿ. ಅವನು ವೇದಿಕೆಯ ಮಗ್ಗುಲಲ್ಲಿ ಬಂದು ನಿಂತಿದ್ದ. ರೇಡಿಯೋ ಹುಡುಗಿಗೆ ಈ ಮನೆಯ ರಾಮಾಯಣ ಏನು ಗೊತ್ತು? "ಮೊದಲು ಆ ಕಾಲದ ತಟ್ಟೆ ಕೇಳೋಣ, ಆಮೇಲೆ ತಾತ!" ಎಂದವಳೇ ಯಂತ್ರದ ಹಿಡಿಯನ್ನು ಅತ್ತ ತಳ್ಳಿಬಿಟ್ಟಳು.

ಮೈದುನ ಬಂದ!

ಹಾಲಿಗೆ ಹಾಲೇ "ಓ!" ಎಂದು ಎದ್ದಿತು. ಕುರ್ಚಿಗಳು ಉರುಳಿದವು. ಮೇಸ್ತ್ರಿ ಕೋಲು ಎಸೆದ. ಕಾಲರಮ್ಮ ಜಾಗ್ರತೆಗೆ ಹಲ್ಲು ತೆಗೆದು ಕೈಚೀಲಕ್ಕೆ ಹಾಕಿಕೊಂಡೇ ನುಗ್ಗಿದಳು. ಕಾಜಕ್ಕ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಳು. ಹೋಗಬಾರದು, ಇವತ್ತು ಹೋಗಬಾರದು. ಆದರೆ ಕಾಲಿಗೆಲ್ಲಿಯ ಬುದ್ಧಿ? ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಅವಳು ನಡುಮಧ್ಯದಲ್ಲಿದ್ದಳು, ಹದಿನೆಂಟರ ಹುಡುಗಿಯ ಹಾಗೆ ಸೊಂಟ ತಿರುವುತ್ತಿದ್ದಳು, "ಹೋಯ್!" ಎನ್ನುತ್ತಿದ್ದಳು, ಮೈಯೆಲ್ಲ ನಗುವಾಗಿತ್ತು.

ತಿರುಗುವಾಗ ಗಂಡನ ಮುಖ ಕಂಡಿತು. ಅವನು ಸಿಟ್ಟಾಗಿರಲಿಲ್ಲ. ನನಗೆ ಗೊತ್ತಿತ್ತು ಎನ್ನುವಂತೆ ಸುಮ್ಮನೆ ನೋಡುತ್ತಿದ್ದ. ಅವಳ ಕಾಲು ಅಲ್ಲೇ ನಿಂತಿತು, ಮಂಡಿ ಚಳಕ್ಕೆಂದಿತು. ಕಂಬ ಹಿಡಿದುಕೊಂಡು ಮಗ್ಗುಲಿಗೆ ಬಂದಳು. ಎರಡನೆಯ ಚರಣಕ್ಕೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಒಬ್ಬರಿಗೆ ಬೆನ್ನು, ಒಬ್ಬರಿಗೆ ಉಬ್ಬಸ. ಮೇಸ್ತ್ರಿ ತನ್ನ ಕೋಲು ಹುಡುಕುತ್ತಿದ್ದ. ಮೈದುನ ಇನ್ನೂ ಒಬ್ಬನೇ ಕೀರಲು ದನಿಯಲ್ಲಿ ಹಾಡುತ್ತಿದ್ದ, ನಡುವಿನ ಜಾಗ ಬಟಾಬಯಲಾಗಿತ್ತು. ತಟ್ಟೆ ಮುಗಿದಾಗ ಹಾಲಿನಲ್ಲಿ ಕೇಳಿಸುತ್ತಿದ್ದದ್ದು ಏದುಸಿರು ಮಾತ್ರ.

ಬಡಗಿ ಮೈಕಿನ ಮುಂದೆ ಬಂದ. ಬಂದದ್ದೂ ನಿಧಾನ, ನಿಂತದ್ದೂ ನಿಧಾನ. ಯಾರೂ "ಬೇಗ" ಎನ್ನಲಿಲ್ಲ. ಅನ್ನಲು ಯಾರಲ್ಲೂ ಉಸಿರಿರಲಿಲ್ಲ.

"ಓಡಬೇಡ, ನಿಲ್ಲು ಕೊಂಚ,
ಹೊತ್ತು ಇನ್ನೂ ಇದೆ.
ನೀನು ಬರುವ ದಾರಿಯಲ್ಲೇ
ನನ್ನ ಕಣ್ಣು ಇದೆ."

ಇಷ್ಟು ವರ್ಷ ಊರು ಕುಣಿದ ಹಾಡಿಗೆ ಮಾತುಗಳಿವೆ ಎಂದು ಊರಿಗೆ ತಿಳಿದದ್ದು ಆಗ. ಹಂಡೆಯ ಧ್ವನಿಯೇ ಹೌದು, ಆದರೆ ಈಗ ತುಂಬಿದ ಹಂಡೆ. ಕಾಜಕ್ಕ ಎರಡನೆಯ ಸಾಲು ಕೇಳಿದಳು, ಮೂರನೆಯದನ್ನು ಕೇಳಿದಳು, ಅಂದು ನಿದ್ದೆಯಲ್ಲಿ ಕಳೆದುಕೊಂಡದ್ದನ್ನೆಲ್ಲ ಒಂದೊಂದಾಗಿ ಕೇಳಿದಳು. ಕಣ್ಣು ತುಂಬಿತು. ಜೊತೆಗೆ ಅವಳಿಗೆ ಇನ್ನೊಂದು ವಿಚಿತ್ರವೂ ಗೊತ್ತಾಯಿತು. ಅವಳ ಹೆಬ್ಬೆರಳು ತಾಳ ಹಾಕುತ್ತಿತ್ತು. ಆಮೇಲೆ ಪಾದ. ಆಮೇಲೆ ಮಂಡಿ. ಮಂಡಿ ನೋಯಲೇ ಇಲ್ಲ! ಆ ಹಾಳು ಮಂಡಿಗೆ ಬೇಕಾದಷ್ಟೇ ನಿಧಾನವಾಗಿತ್ತು ಹಾಡು.

ಅವಳು ಕಂಬ ಬಿಟ್ಟಳು. ಖಾಲಿ ಜಾಗದ ನಡುವೆ ಒಬ್ಬಳೇ ಹೋಗಿ, ಒಂದು ಹೆಜ್ಜೆ ಅತ್ತ, ಒಂದು ಹೆಜ್ಜೆ ಇತ್ತ ಕುಣಿದಳು. ಬಡಗಿ ನೋಡಿದ. ನೋಡಿ ಒಂದು ಸಾಲು ಮರೆತ. ಮರೆತ ಸಾಲಿನ ಜಾಗದಲ್ಲಿ ಕಾಲರಮ್ಮ ಬಂದು ಸೇರಿದಳು, "ಇದಕ್ಕೆ ನನ್ನ ಸೊಂಟ ಒಪ್ಪುತ್ತೆ ಕಣೇ!" ಎಂದಳು, ಹಲ್ಲಿಲ್ಲದೆ. ಜೇಬಮ್ಮ ಬಂದಳು, ತೋಳಮ್ಮ ಬಂದಳು, ಮೇಸ್ತ್ರಿ ಕೋಲಿನ ಸಮೇತ ಬಂದ. ಹಾಡು ಮುಗಿಯುವ ಹೊತ್ತಿಗೆ ಹಾಲಿನಲ್ಲಿ ಕೂತವರು ಒಬ್ಬರೂ ಉಳಿದಿರಲಿಲ್ಲ.

"ಒನ್ಸ್ ಮೋರ್!" ಎಂದು ಛಾವಣಿ ಹಾರಿಹೋಗುವಂತೆ ಕೂಗಿದರು. ರೇಡಿಯೋ ಹುಡುಗಿ ವೇದಿಕೆಯ ಮಗ್ಗುಲಲ್ಲಿ ನಿಂತು ಕೈಗಡಿಯಾರ ತೋರಿಸಿದಳು: ವಾರ್ತೆ, ವಾರ್ತೆ!

"ವಾರ್ತೆ ಕಾಯ್ಲಿ!" ಎಂದು ಕಾಜಕ್ಕ ಕಿರುಚಿದಳು. "ಇವತ್ತು ವಾರ್ತೆ ಕಾಯ್ಲಿ ಕಣಮ್ಮ!"

ಹುಡುಗಿ ಒಂದು ಗಳಿಗೆ ತಲೆಯ ಮೇಲೆ ಕೈ ಹೊತ್ತಳು. ಆಮೇಲೆ ನಗುತ್ತ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡಳು.

ಬಡಗಿ ಮಾತ್ರ ಹಾಡಲಿಲ್ಲ. ಮೈಕು ಹಿಡಿದು, ಇಡೀ ಊರು ಕೇಳುವಂತೆ, ರೇಡಿಯೋ ಇಟ್ಟುಕೊಂಡ ಮನೆಮನೆಗೂ ಕೇಳುವಂತೆ, ನಿಧಾನವಾಗಿ ಕೇಳಿದ: "ಈ ಸಲ ನಿದ್ದೆ ಮಾಡಲ್ಲ ತಾನೇ?"

ಹಾಲಿನಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ. ಕಾಜಕ್ಕ ಮಾತ್ರ ಅಳುತ್ತ ನಗುತ್ತ ಎರಡೂ ಕೈ ಮೇಲೆತ್ತಿದಳು.

"ನಿಂತ್ಕೊಂಡು ಕುಣೀತಾ ಇದ್ದೀನಲ್ರೀ, ನಿದ್ದೆ ಹೇಗೆ ಬರುತ್ತೆ? ನಿಮ್ಮ ತಮ್ಮನ್ನ ಮನೆಗೆ ಕಳಿಸಾಯ್ತು. ನೀವು ಹಾಡಿ!"